ನಾಲ್ಕು ಬೀಗಕ್ಕೆ ಒಂದೇ ಚಾವಿ

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗೆಲ್ಲ ಚಹಾ ಬಂದಿದೆ, ಇಲ್ಲವೆ ನಿದ್ದೆ ಬಂದಿದೆ. ತಪ್ಪು ಒಪ್ಪದಿರಲು ಮುದುಕನಿಗೆ ಇವೆರಡು ನೆಪ ಸಾಕು. ಇವತ್ತು ಚಹಾ ಕುಡಿದಾಗಿದೆ, ನಿದ್ದೆಯೂ ಬರುತ್ತಿಲ್ಲ.

ಮೂಡಲಗಿಯ ನಮ್ಮ ಮನೆ ಮುಂದೆ ನಿಂತಿರುವ ಹಳೆಯ ಕಾರನ್ನು ನಾಗನೂರಿನವರೊಬ್ಬರಿಂದ ಕೊಂಡದ್ದು. ಬೀಗ ಕೆಟ್ಟಾಗಲೆಲ್ಲ ಅವರು ಗುಜರಿಯಿಂದ ಒಂದೊಂದು ತಂದು ಕೂಡಿಸಿದ್ದರು. ಹೀಗಾಗಿ ಸ್ಟಾರ್ಟ್ ಮಾಡಲು ಒಂದು ಚಾವಿ, ಮುಂದಿನ ಬಾಗಿಲುಗಳಿಗೆ ಎರಡು, ಡಿಕ್ಕಿಗೆ ಇನ್ನೊಂದು. ಇವುಗಳ ಜೊತೆ, ಎಂದೋ ಮಾರಿದ ಸ್ಕೂಟರಿನ ಎರಡನೇ ಚಾವಿಯೂ ನನ್ನ ಗೊಂಚಲಿನಲ್ಲೇ ಇತ್ತು. ಯಾವುದನ್ನೂ ಎಸೆಯದ ಗುಣ ನನ್ನದು. "ಚಾವಿ ನೋಡಿದ್ರ ಖಜಾನಿ ಇದ್ದಂಗ ಐತಿ, ಒಳಗ ನೋಡಿದ್ರ ಹರಕ ಸೀಟ" ಎಂದು ಹೆಂಡತಿ ನಗುತ್ತಿದ್ದಳು.

ಹುಕ್ಕೇರಿಯಲ್ಲಿ ಅವಳಣ್ಣನ ಮಗಳ ಮದುವೆ. ಸೋದರತ್ತೆ ತಂದ ಸೀರೆ ಉಟ್ಟೇ ಮದುಮಗಳು ಹಂದರಕ್ಕೆ ಬರುವುದು ಅವರ ಮನೆತನದ ರೂಢಿ. ಆ ಸೀರೆಯನ್ನು ಡಿಕ್ಕಿಯಲ್ಲಿಟ್ಟು, ಬೀಗ ಹಾಕಿ, ಸ್ಟಾರ್ಟ್ ಮಾಡುವ ಚಾವಿಯೊಂದನ್ನು ಬಿಡಿಸಿಕೊಂಡು ಗೊಂಚಲನ್ನು ಇವಳ ಕೈಗೆ ಕೊಟ್ಟಿದ್ದೆ. ಅಲ್ಲಿ ಹೋಗಿ ತೆರೆಯಲು ನೋಡಿದರೆ ಡಿಕ್ಕಿಯ ಚಾವಿ ಒಳಗೇ ಹೋಗಲೊಲ್ಲದು. ಹಿಂದಿನ ಸೀಟು ಕಿತ್ತರೂ ಕೈ ನಿಲುಕಲಿಲ್ಲ. ಮದುವೆ ಮನೆಯೊಳಗಿನಿಂದ "ಅತ್ತಿ ಸೀರಿ ಎಲ್ಲೈತ್ರಿ?" ಎಂದು ಕೂಗು. ನಾನು ಬೀಗರೆಲ್ಲರ ಮುಂದೆ, "ಖರೇ ಚಾವಿ ಎಲ್ಲೋ ಕಳದು ಯಾವದೋ ಹಾಕ್ಯಾಳ ನೋಡ್ರಿ. ಒಂದು ಚಾವಿ ಕಾಯಾಕ ಬರಂಗಿಲ್ಲ ಇಕಿಗೆ" ಅಂದುಬಿಟ್ಟೆ. ಮದುಮಗಳು ಬೇರೆ ಸೀರೆ ಉಟ್ಟು ಬಂದಳು. ಊಟವಾದ ಮೇಲೆ ಯಾರೋ ಸಬ್ಬಲ ಹಾಕಿ ಡಿಕ್ಕಿ ಎಬ್ಬಿಸಿದರು. ಇವಳು ಸೀರೆಯನ್ನು ತೆಗೆದುಕೊಂಡು ಒಳಗೆ ಹೋದಳು. ಅಂದಿನಿಂದ ಕಾರು ಹತ್ತಿಲ್ಲ. ತವರಿಗೆ ಬಸ್ಸಿನಲ್ಲೇ ಹೋಗುತ್ತಾಳೆ.

ಡಿಕ್ಕಿಗೆ ಹಗ್ಗ ಕಟ್ಟಿಕೊಂಡು ಬಹಳ ದಿನ ತಿರುಗಿದೆ. ಇವಳು ಮತ್ತೆ ಪಕ್ಕದಲ್ಲಿ ಕೂರಲಿ ಎಂಬ ಆಸೆಯಿಂದ, ಕಡೆಗೊಮ್ಮೆ ಎಲ್ಲ ಬೀಗಗಳನ್ನೂ ಒಂದೇ ಚಾವಿಗೆ ಹೊಂದಿಸಲು ಗೋಕಾಕಕ್ಕೆ ಹೋದೆ. ಬೀಗದವನು ಒಂದೊಂದನ್ನೇ ಬಿಚ್ಚಿ, ಒಳಗಿನ ಹಿತ್ತಾಳೆ ಪಟ್ಟಿಗಳನ್ನು ಬದಲಿಸುತ್ತ ಬಂದ. ಡಿಕ್ಕಿಯದನ್ನು ಬಡಿದಾಗ ಮುರಿದ ತುದಿಯೊಂದು ಉದುರಿತು.

"ಕಾಕಾ, ಇದು ಸ್ಕೂಟರ್ ಚಾವಿ ತುದಿರಿ. ಯಾವ ಶಾಣ್ಯಾ ತಿರುವ್ಯಾನ್ರಿ ಇದನ್ನ?"

"ಮೊದಲಿನ ಮಾಲಕ ಇರಬೇಕು," ಅಂದೆ. ಪಾಪ, ನಾಗನೂರಿನವರು.

ಮದುವೆಗೆ ಹೊರಟ ಗಡಿಬಿಡಿಯಲ್ಲಿ ನಾನೇ ತಿರುವಿದ್ದೆ. ಕಟ್ ಅಂದಿತ್ತು. ಬೀಗ ಬಿತ್ತು ಅಂದುಕೊಂಡಿದ್ದೆ. ಉಳಿದರ್ಧ ಆಗಲೂ ನನ್ನ ಗೊಂಚಲಿನಲ್ಲೇ ತೂಗುತ್ತಿತ್ತು.

ಮನೆಗೆ ಬಂದು, ಜೋಳ ಹಸನು ಮಾಡುತ್ತಿದ್ದವಳ ಮುಂದೆ ಹೊಸ ಚಾವಿ ಹಿಡಿದೆ. "ಈಗ ಎಲ್ಲಾದಕ್ಕೂ ಇದೊಂದ. ನಿನ್ನ ಕಡೆ ಒಂದು ಇರಲಿ."

ಅವಳು ತಲೆ ಎತ್ತಲಿಲ್ಲ. "ನಿಮ್ಮ ಕಡೇನ ಇರಲಿ ಬಿಡ್ರಿ. ನಾ ಕಳಿಯಾಕಿ."

ಆಗಲೇ ಹೇಳಬೇಕಿತ್ತು. "ಜ್ವಾಳ ಛಲೋ ಅದಾವ" ಅಂದೆ.

ನಮ್ಮ ಕಡೆ ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಮದುವೆಯಲ್ಲಿ ಪ್ರಾಸದ ಒಡಪು ಕಟ್ಟಿ ಅದರೊಳಗೆ ಒಮ್ಮೆ ಹೆಸರು ಹೇಳಿದರೆ ಜನ್ಮಕ್ಕೆ ಸಾಕು. ಈಗ ನನ್ನ ತಪ್ಪನ್ನು ನಿಮಗೆಲ್ಲ ಹೇಳಿಬಿಟ್ಟೆ. ಯಾರಿಗೆ ಹೇಳಬೇಕಿತ್ತೋ ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಒಡಪು ನೆನಪಿಲ್ಲ. ಹೆಸರು ಶಾಂತವ್ವ.