ಕಾಕಾ ಕುಡಿದ ಹಾಲು

ನಮ್ಮ ಕಾಕಾನ ಪ್ರಕಾರ ಆಕಳು ಪೂಜೆಗೆ ಮಾತ್ರ ಲಾಯಕ್ಕಾದ ಪ್ರಾಣಿ. ಎಮ್ಮೆಯಂತೂ ಅದಕ್ಕೂ ಬೇಡ. ಅರವತ್ತು ದಾಟಿದ ಈ ಮನುಷ್ಯನಿಗೆ ಆಡಿನ ಹಾಲೇ ಬೇಕು. ಅದು ಸಿಗದ ದಿನ ಕುರಿ, ಕತ್ತೆ, ಒಂಟೆ, ಯಾವುದಾದರೂ ನಡೆದೀತು. ಕಾಕಾ ಅಂದೆನೆಂದು ನನಗಿಂತ ಹಿರಿಯ ಅಂದುಕೊಳ್ಳಬೇಡಿ. ಅಪ್ಪನ ಕೊನೆಯ ತಮ್ಮನಾದರೂ ನನ್ನ ಓರಗೆಯವನೇ.

ಇರಾನಿ ಹೋಟೆಲಿಗೆ ಹೋದರೂ ಜೇಬಿನಿಂದ ಆಡಿನ ಹಾಲಿನ ಶೀಶೆ ತೆಗೆದು ಬರೀ ಡಿಕಾಕ್ಷನ್ ಕೇಳುತ್ತಾನೆ. ಗಲ್ಲಾದ ಮೇಲೆ ಕೂತವನು ನೋಡಿ ನೋಡಿ ಒಮ್ಮೆ, "ಚಾಚಾ, ಕಲ್ ಸೇ ಕಪ್ ಭೀ ಘರ್ ಸೇ ಲಾವ್" ಎಂದ. ಮರುದಿನ ಕಾಕಾ ಮನೆಯಿಂದ ಕಪ್ಪನ್ನೂ ಒಯ್ದ!

ಕೂಕಟ್‌ಪಲ್ಲಿಯ ನಮ್ಮ ಗಲ್ಲಿಗೆ ಕತ್ತೆ ಹೊಡೆದುಕೊಂಡು ಹಾಲು ಮಾರುವ ಹೆಂಗಸು ಬರುತ್ತಾಳೆ. ತಾಯಂದಿರು ಎಳೆಗೂಸುಗಳಿಗೆಂದು ಚಮಚೆಯಷ್ಟು ಕೊಳ್ಳುತ್ತಾರೆ. ಒಂದು ದಿನ ನಮ್ಮ ಮನೆಗೆ ಬಂದಿದ್ದ ಬೋಳುತಲೆಯ ಕಾಕಾ ಆ ಸಾಲಿನಲ್ಲಿ ನಿಂತಿದ್ದ. "ಬಾಬು ಎಕ್ಕಡ?" ಎಂದು ಆಕೆ ತೆಲುಗಿನಲ್ಲಿ ಮಗು ಎಲ್ಲಿ ಅಂತ ಕೇಳಿದಳು. "ನೇನೇ," ನಾನೇ, ಎಂದು ಕಾಕಾ ಬಾಯಿ ತೆರೆದ. ಇಡೀ ಗಲ್ಲಿ ನಕ್ಕಿತು. ಬಾಲ್ಕನಿಯಲ್ಲಿ ಕೂತಿದ್ದ ನನ್ನ ಅವ್ವ ಮಾತ್ರ ನಗದೆ ಎದ್ದು ಒಳಗೆ ಹೋದಳು.

ಆ ಸಂಜೆ ನಾನು ಬಿಡಲಿಲ್ಲ. "ಅಲ್ಲೋ ಕಾಕಾ, ಆಕಳ ಹಾಲು ನಿನಗೇನು ಮಾಡೇತಿ?"

"ಆಕಳೇನೂ ಮಾಡಿಲ್ಲಪಾ. ನಮ್ಮವ್ವ ನನ್ನ ಹಡೆದು ಸತ್ತಳು. ಆಗ ನೀನೂ ಮೊಲಿ ಕುಡಿಯೋ ಕೂಸು. ನನ್ನ ತಂದು ವೈನಿ ಉಡಿಯಾಗ, ಅಂದ್ರ ನಿಮ್ಮವ್ವನ ಉಡಿಯಾಗ ಹಾಕಿದ್ರಂತ. ‘ತಾಯಿನ್ನ ನುಂಗಿದ ಕೂಸು, ನನ್ನ ಎದಿಗೆ ಹಚ್ಚಬ್ಯಾಡ್ರಿ’ ಅಂದ್ರಂತ ವೈನಿ. ಆಕಳ ಹಾಲು, ಎಮ್ಮಿ ಹಾಲು ಎರಡೂ ವಾಂತಿ ಆತು. ಹಿತ್ತಲದಾಗಿನ ಆಡು ಉಳಿಸ್ತು."

"ನಿನಗ್ಯಾರು ಹೇಳಿದ್ರು?"

"ಯಾರು ಹೇಳಿಲ್ಲ ಅಂತ ಕೇಳಪಾ."

ಇಷ್ಟು ಹೇಳಿ ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಕುಡಿದು ಬೆಳೆದ ಹಾಲು ಈ ವಯಸ್ಸಿನಲ್ಲಿ ನನಗೆ ಕಹಿಯಾಯಿತು. ಅವ್ವನನ್ನು ಕೇಳುವ ಧೈರ್ಯ ಬರಲಿಲ್ಲ.

ಈಗ ಅವ್ವ ಹಾಸಿಗೆ ಹಿಡಿದಿದ್ದಾಳೆ. ಪಾಕೀಟಿನ ಹಾಲು ಒಳಗೆ ಹೋದಂತೆಯೇ ಹೊರಗೆ ಬರುತ್ತದೆ. ಸುದ್ದಿ ತಿಳಿದು ಕಾಕಾ ಉಪ್ಪಲ್‌ನ ತನ್ನ ಮನೆಯಿಂದ ಮೆಟ್ರೋ ಹಿಡಿದು ಬಂದ. ಆಡಿನ ಹಾಲು ಕಾಯಿಸಿ ತಂದಿದ್ದ. ಅವ್ವನ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ಚಮಚೆ ಹಿಡಿದ. ಅವ್ವ ತುಟಿ ಬಿಗಿಹಿಡಿದು ಅವನ ಮುಖ ನೋಡಿದಳು. ಆಮೇಲೆ ಕುಡಿದಳು. ಹಾಲು ಒಳಗೇ ಉಳಿಯಿತು.

"ನಾ ನಿನಗ ಅವತ್ತು..." ಎಂದು ಅವನ ಮಣಿಕಟ್ಟು ಹಿಡಿದಳು.

"ಮಾತಾಡಬ್ಯಾಡ್ರಿ ವೈನಿ, ನೆತ್ತಿಗೇರತೈತಿ," ಎಂದ ಕಾಕಾ, ಇನ್ನೊಂದು ಚಮಚೆ ತುಂಬಿದ.