ನಾನು ಗುಂಡು ಬಿಟ್ಟ ಪ್ರಸಂಗ

ಕನ್ನಡದಲ್ಲಿ ಪದಗಳಿಗೇನೂ ಬರವಿಲ್ಲ. ಆದರೂ 'ಗುಂಡು' ಎನ್ನುವ ಬಡಪಾಯಿ ಪದದ ಮೇಲೆ ನಾವು ಹೇರಿರುವಷ್ಟು ಕೆಲಸವನ್ನು ಇನ್ಯಾವ ಪದದ ಮೇಲೂ ಹೇರಿಲ್ಲ. ಮುಡಿಯುವ ಮಲ್ಲಿಗೆಯೂ ಗುಂಡು, ರುಬ್ಬುವ ಕಲ್ಲೂ ಗುಂಡು, ಬಂದೂಕಿನಿಂದ ಹಾರುವುದೂ ಗುಂಡು, ಸಂಜೆ ಗೆಳೆಯರ ಜೊತೆ ಕೂತು ಹಾಕುವುದೂ ಗುಂಡು, ದೇವರಿಗೆ ಮುಡಿ ಕೊಟ್ಟು ಬಂದ ತಲೆಯೂ ಗುಂಡು. ಮೈಸೂರಿನಲ್ಲಿದ್ದಷ್ಟು ದಿನ ಇದರಿಂದ ಯಾರಿಗೂ ತೊಂದರೆಯಾಗಿದ್ದನ್ನು ನಾನು ಕಾಣೆ. ಏಳು ಸಮುದ್ರ ದಾಟಿ ನಾರ್ತ್ ಕ್ಯಾರೊಲೈನಾದ ಕ್ಯಾರಿಗೆ ಬಂದು ನೆಲೆಸಿದ ಮೇಲೆ ಆ ಪದ ನನ್ನನ್ನೇ ಹುಡುಕಿಕೊಂಡು ಬಂತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ನಾನು ಕುಡಿಯುವವನಲ್ಲ. ಆಫೀಸಿನ ಪಾರ್ಟಿಗಳಲ್ಲಿ ಕಿತ್ತಳೆ ರಸ ಹಿಡಿದುಕೊಂಡು ಗೋಡೆಗೆ ಒರಗಿ ನಿಲ್ಲುವ ಪೈಕಿ. ನನ್ನ ಚಟ ಬೇರೆ. ಕೋವಿಡ್ ಕಾಲದಲ್ಲಿ ನಮ್ಮ ಬೀದಿಯವರೆಲ್ಲ ಮನೆಯಲ್ಲೇ ಬ್ರೆಡ್ ಮಾಡುವುದನ್ನು ಕಲಿತರು. ನಾನು ಪಕ್ಕದ ಮನೆಯ ಡೇಲ್ ಕೈಗೆ ಸಿಕ್ಕಿಹಾಕಿಕೊಂಡೆ. ಡೇಲ್ ಇನ್ಶೂರೆನ್ಸ್ ಕಂಪನಿಯಿಂದ ರಿಟೈರ್ ಆದ ಮನುಷ್ಯ. 'ಒಂದೇ ಒಂದು ಸಲ ಬಾ' ಅಂತ ಗುರಿ ಹೊಡೆಯುವ ಮೈದಾನಕ್ಕೆ ಕರೆದುಕೊಂಡು ಹೋದ. ಆಮೇಲೆ ತನ್ನ ಹಳೆಯ ರೈಫಲ್ ಒಂದನ್ನು ನನಗೆ ದಾಟಿಸಿದ. ಅಷ್ಟರಲ್ಲಿ ಅಂಗಡಿಗಳಲ್ಲಿ ಅದಕ್ಕೆ ಬೇಕಾದ ತೋಟಾ ಸಿಗುವುದೇ ನಿಂತುಹೋಗಿತ್ತು. 'ಅದಕ್ಕೇನಂತೆ, ನಾವೇ ಮಾಡಿಕೊಳ್ಳೋಣ' ಅಂದ, ಉಪ್ಪಿನಕಾಯಿ ಹಾಕಿಕೊಳ್ಳೋಣ ಅನ್ನುವಷ್ಟು ಸಲೀಸಾಗಿ.

ತೋಟಾ ಅಂದರೆ ಒಂದು ಹಿತ್ತಾಳೆ ಕೊಳವೆ, ಅದರ ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು. ಹೊಡೆದು ಖಾಲಿಯಾದ ಕೊಳವೆಯನ್ನು ಎಸೆಯದೆ ತೊಳೆದು, ಅಚ್ಚಿಗೆ ಹಾಕಿ ನೆಟ್ಟಗೆ ಮಾಡಿ, ಮದ್ದು ತೂಗಿ ಸುರಿದು, ಮೇಲೆ ಹೊಸ ಗುಂಡು ಕೂರಿಸುವುದೇ ಕೆಲಸ. ಉದ್ದನೆಯ, ಭಾರದ ಗುಂಡು ಗಾಳಿಗೆ ಜಗ್ಗದೆ ಬಹಳ ದೂರ ಹೋಗುತ್ತದೆ ಅಂತ ಎಲ್ಲೋ ಓದಿದ್ದೇ ತಡ, ಸಿಗುವುದರಲ್ಲೆಲ್ಲ ಉದ್ದನೆಯದನ್ನು ತರಿಸಿಬಿಟ್ಟೆ. ಸಾವಿರ ಗಜ ದೂರದ ಕಬ್ಬಿಣದ ತಟ್ಟೆಯನ್ನು ಒಂದೇ ಒಂದು ಸಲ 'ಠಣ್' ಅನ್ನಿಸಬೇಕು, ಅಷ್ಟೇ ನನ್ನ ಕನಸು. ಕಾಗದದ ಉಂಡೆ ಎಸೆದರೆ ಪಕ್ಕದಲ್ಲೇ ಇರುವ ಕಸದ ಬುಟ್ಟಿಗೂ ಬೀಳದವನ ಕನಸು!

ಈ ಉದ್ದನೆಯ ಗುಂಡಿನ ತಾಪತ್ರಯ ಒಂದೆರಡಲ್ಲ. ಒಳಗೆ ತಳ್ಳಿದರೆ ಮದ್ದಿನ ಜಾಗವನ್ನೆಲ್ಲ ತಾನೇ ನುಂಗಿ, ಕೆಳಗೆ ಮದ್ದು ಕರುಂ ಕುರುಂ ಅನ್ನುತ್ತದೆ. ಹೊರಗೆ ಬಿಟ್ಟರೆ ರೈಫಲ್ಲಿನಲ್ಲಿ ತೋಟಾ ಜೋಡಿಸಿಡುವ ಮ್ಯಾಗಜೀನಿಗೆ ಹಿಡಿಯುವುದಿಲ್ಲ. ಪುಸ್ತಕದಲ್ಲಿ ಹೇಳಿದಷ್ಟೇ, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಅಳೆಯಬೇಕು. ಕೂದಲಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ನನ್ನ ತಲೆಯಲ್ಲಿ ಈಗ ಉಳಿದಿರುವುದು ಎಡಗಿವಿಯ ಮೇಲಿನ ಒಂದು ಹಿಡಿ. ಅದನ್ನೇ ಬಲಗಿವಿಯವರೆಗೆ ಎಳೆದು ಬಾಚಿ, ವಿಡಿಯೊ ಮೀಟಿಂಗುಗಳಲ್ಲಿ ಮರ್ಯಾದೆ ಉಳಿಸಿಕೊಂಡಿದ್ದೇನೆ. ಈ ಆಸ್ತಿಯನ್ನು ನಾನು ಎಷ್ಟು ಜೋಪಾನ ಮಾಡುತ್ತೇನೆಂದರೆ, ಗಾಳಿ ಬೀಸುವ ದಿನ ಕಸದ ಡಬ್ಬಿ ಹೊರಗಿಡಲೂ ನನ್ನ ಹೆಂಡತಿ ವೀಣಾಳೇ ಹೋಗಬೇಕು.

ಇನ್ನು ನಮ್ಮ ಮನೆಯ ಕಾನೂನು. ಮನೆಯೊಳಗೆ ಕನ್ನಡ, ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಕಾನೂನು ಮಾಡಿದವನು ನಾನು, ಅನುಭವಿಸುವವಳು ಇಲ್ಲೇ ಹುಟ್ಟಿದ ನಮ್ಮ ಮಗಳು ಇಂಚರ. ನಾನು ತೋಟಾ ತುಂಬಲು ಗರಾಜಿನಲ್ಲಿ ಕೂತಾಗ ಅವಳು ಒಳಗೆ ಬರುವಂತಿಲ್ಲ. ಹಾಗಾಗಿ ಒಂದು ಶನಿವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ವಾಟ್ ಆರ್ ಯೂ ಡೂಯಿಂಗ್, ಅಪ್ಪ?" ಅಂದಳು.

"ಕನ್ನಡದಲ್ಲಿ ಕೇಳು."

"ಏನು ಮಾಡ್ತಾ ಇದೀಯಾ? ಬುಲೆಟ್‌ಗೆ ಕನ್ನಡದಲ್ಲಿ ಏನು?"

"ಗುಂಡು."

"ಲೋಡ್ ಮಾಡೋದಕ್ಕೆ?"

"ತುಂಬೋದು ಅನ್ನು, ಹಾಕೋದು ಅನ್ನು, ಎರಡೂ ಸರಿ" ಅಂದೆ ಉದಾರವಾಗಿ. ಅಂದೇ ಮೈಸೂರಿನಿಂದ ನಮ್ಮ ಅತ್ತೆಯ ಫೋನು. ಅಪ್ಪ ಎಲ್ಲಿ ಪುಟ್ಟಿ ಅಂತ ಕೇಳಿದ್ದಕ್ಕೆ ಮಗಳು ಅಚ್ಚ ಕನ್ನಡದಲ್ಲಿ ಹೇಳಿದಳಂತೆ: "ಅಪ್ಪ ಗರಾಜಲ್ಲಿ ಗುಂಡು ಹಾಕ್ತಾ ಇದಾರೆ ಅಜ್ಜಿ. ಎವ್ರಿ ಸ್ಯಾಟರ್ಡೇ. ಡೇಲ್ ಅಂಕಲ್ ಕೂಡ ಬರ್ತಾರೆ. ಚಿಕ್ಕದು ಅಲ್ಲ, ದೊಡ್ಡ ದೊಡ್ಡ ಗುಂಡು!"

ಈ ಮಾತುಕತೆ ನನಗೆ ಗೊತ್ತಾಗಿದ್ದು ಬಹಳ ದಿನಗಳ ಮೇಲೆ. ಆ ವರ್ಷ ದಸರಾ ಮುಗಿಸಿಕೊಂಡು ಅತ್ತೆ ನಮ್ಮಲ್ಲಿಗೆ ಬಂದರು. ಬಂದೂಕು ಅಂದರೆ ಅಮ್ಮನ ಎದೆ ಒಡೆಯುತ್ತೆ, ನಿಧಾನಕ್ಕೆ ನಾನೇ ಹೇಳ್ತೀನಿ ಅಂತ ವೀಣಾ ಮೊದಲೇ ಹೇಳಿದ್ದಳು. ವಾರ ಬಿಟ್ಟು, ಹೇಳಿದೆಯಾ ಅಂತ ಕೇಳಿದೆ. ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ "ಹೂಂ ಹೂಂ" ಅಂದಳು. ಇಷ್ಟು ವರ್ಷ ಸಂಸಾರ ಮಾಡಿ, ಲ್ಯಾಪ್‌ಟಾಪಿನ ಮುಂದಿನ ಹೂಂಗೆ ಅರ್ಥವಿಲ್ಲ ಅಂತ ತಿಳಿಯದ ಪೆದ್ದ ನಾನು.

ಭಾನುವಾರ ಬೆಳಗ್ಗೆ ಎದ್ದರೆ ಅತ್ತೆ ನಿಂಬೆಹಣ್ಣಿನ ಪಾನಕ ಹಿಡಿದು ನಿಂತಿರುತ್ತಿದ್ದರು. ಮಧ್ಯಾಹ್ನ ಮಜ್ಜಿಗೆ. "ತಲೆ ನೋಯ್ತಿದೆಯಾ?" ಅಂತ ಮೆತ್ತಗೆ ಕೇಳುತ್ತಿದ್ದರು. ಎಂಥಾ ಅತ್ತೆ ಸಿಕ್ಕಿದ್ದಾರಪ್ಪಾ ಅಂತ ನಾನು ಹಿಗ್ಗಿದೆ. ಒಂದು ದಿನ ಗರಾಜಿನ ಬಾಗಿಲಲ್ಲೇ ನಿಂತು, ಕಪಾಟಿನಲ್ಲಿ ಸಾಲಾಗಿದ್ದ ಮದ್ದಿನ ಪ್ಲಾಸ್ಟಿಕ್ ಬಾಟಲಿಗಳನ್ನು ದೂರದಿಂದ ನೋಡಿ ನಿಟ್ಟುಸಿರು ಬಿಟ್ಟರು.

"ದಿನಾ ಆಗುತ್ತಾ ಅಳಿಯಂದ್ರೇ?"

"ಇಲ್ಲ ಅತ್ತೆ, ಶನಿವಾರ ಮಾತ್ರ. ಒಂದು ಇಪ್ಪತ್ತು ಹಾಕ್ತೀನಿ."

"ಇಪ್ಪತ್ತಾ!" ಅತ್ತೆ ಬಾಗಿಲು ಹಿಡಿದುಕೊಂಡರು. "ಬಿಡಕ್ಕಾಗಲ್ವಾ?"

"ಶುರು ಮಾಡಿದ ಮೇಲೆ ಕಷ್ಟ ಅತ್ತೆ. ತಲೆಗೆ ಹತ್ತಿಬಿಡುತ್ತೆ" ಅಂದೆ ನಗುತ್ತ. "ಮದ್ದು ಮಾತ್ರ ತೂಕ ಮಾಡಿ, ಜಾಸ್ತಿ ಆಗದ ಹಾಗೆ ನೋಡ್ಕೋತೀನಿ."

"ಸದ್ಯ, ಮದ್ದಾದರೂ ತಗೋತಿದೀರಲ್ಲ" ಅಂದು ಕಣ್ಣೊರೆಸಿಕೊಂಡು ಒಳಗೆ ಹೋದರು. ನನಗೆ ಆಗಲಾದರೂ ಅನುಮಾನ ಬರಬೇಕಿತ್ತು. ಆದರೆ ನನ್ನ ಗಮನವೆಲ್ಲ ಗುಂಡಿನ ಉದ್ದದ ಮೇಲಿತ್ತು.

ಮುಂದಿನ ಶನಿವಾರ ಆ ಉದ್ದನೆಯ ಗುಂಡುಗಳ ಪರೀಕ್ಷೆ. ಮೊದಲು ಹತ್ತಿರದಲ್ಲೇ ಒಂದು ಕಾಗದಕ್ಕೆ ಹೊಡೆದು ನೋಡೋಣ ಅಂದ ಡೇಲ್. ಹೊಡೆದೆ. ಕಾಗದದಲ್ಲಿ ದುಂಡನೆಯ ತೂತು ಇರಬೇಕಾದ ಕಡೆ, ಬೆಂಡೆಕಾಯಿಯನ್ನು ಅಡ್ಡ ಮಲಗಿಸಿ ಅಚ್ಚೊತ್ತಿದ ಹಾಗೆ ಉದ್ದುದ್ದ ಸೀಳು! ನನ್ನ ಗುಂಡುಗಳು ಮೂಗು ಮುಂದೆ ಮಾಡಿಕೊಂಡು ಹೋಗದೆ, ಮಗ್ಗುಲಾಗಿ ಮಲಗಿಕೊಂಡು ಹೋಗಿದ್ದವು. ಡೇಲ್ ಟೋಪಿ ತೆಗೆದು ತಲೆ ಕೆರೆದುಕೊಂಡು, "ಬ್ಯಾರೆಲ್ಲಿನ ಟ್ವಿಸ್ಟ್ ನೋಡಿ ತಾನೇ ಗುಂಡು ತರಿಸಿದ್ದು?" ಅಂದ. ಬ್ಯಾರೆಲ್ಲಿನ ಒಳಗೆ ಸುರುಳಿ ಗೀರುಗಳಿರುತ್ತವೆ, ಗುಂಡನ್ನು ಗಿರ್ರನೆ ತಿರುಗಿಸಿ ಕಳಿಸಲು. ಗುಂಡು ಉದ್ದವಾದಷ್ಟೂ ಜೋರಾಗಿ ತಿರುಗಿಸಬೇಕು, ಇಲ್ಲದಿದ್ದರೆ ಚಾಟಿ ಸಾಲದ ಬುಗುರಿಯ ಹಾಗೆ ವಾಲಾಡುತ್ತದೆ. ಆ ಮುದಿ ಬ್ಯಾರೆಲ್ಲಿನ ಸುರುಳಿ ಗಿಡ್ಡ ಗುಂಡಿಗಷ್ಟೇ ಸಾಕು. ಆಫೀಸಿನಲ್ಲಿ ಹುಡುಗರಿಗೆ, ಮೊದಲು ರಿಕ್ವೈರ್‌ಮೆಂಟ್ ಓದಿ, ಆಮೇಲೆ ಕೋಡ್ ಬರೀರಿ ಅಂತ ಉಪದೇಶ ಮಾಡುವವನು ನಾನೇ.

ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಸಿದೆ. ಅತ್ತೆ ಮಜ್ಜಿಗೆ ತಂದರು. ನನಗೆ ಅಳುವೇ ಬರುವ ಹಾಗಿತ್ತು.

"ಸಾಕಾಗಿಹೋಯ್ತು ಅತ್ತೆ. ಈ ಗುಂಡಿನ ಸಹವಾಸನೇ ಬೇಡ. ಇವತ್ತಿಂದ ಬಿಟ್ಟೆ!"

ಅತ್ತೆ "ನನ್ನಪ್ಪಾ, ನಂಜುಂಡೇಶ್ವರಾ!" ಅಂದವರೇ ದೇವರ ಗೂಡಿನ ಮುಂದೆ ಹೋಗಿ ದೀಪ ಹಚ್ಚಿಬಿಟ್ಟರು. "ಹರಕೆ ಹೊತ್ತಿದ್ದೆ ಅಳಿಯಂದ್ರೇ. ನೀವು ಗುಂಡು ಬಿಟ್ರೆ ನಂಜನಗೂಡಿಗೆ ಕರ್ಕೊಂಡು ಬಂದು ಮುಡಿ ಕೊಡಿಸ್ತೀನಿ ಅಂತ."

ನನ್ನ ಕೈ ತಾನಾಗಿಯೇ ಎಡಗಿವಿಯ ಮೇಲಕ್ಕೆ ಹೋಯಿತು. "ಯಾರ ಮುಡಿ?"

"ಇನ್ಯಾರದು? ಕುಡಿಯೋರು ನೀವು, ನನ್ನ ಮುಡಿ ಕೊಡಕ್ಕಾಗುತ್ತಾ?"

"ಕುಡಿಯೋದಾ?"

ಆಮೇಲೆ ಎಲ್ಲ ಬಯಲಾಯಿತು. ವೀಣಾ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಯನ್ನು ಗರಾಜಿಗೆ ಕರೆದುಕೊಂಡು ಹೋಗಿ ಕೊಳವೆ, ತಕ್ಕಡಿ, ಗುಂಡು ಎಲ್ಲ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ವೀಣಾಳ ಕಡೆ ತಿರುಗಿ, "ಇದಕ್ಕಿಂತ ಅದೇ ವಾಸಿಯಿತ್ತಲ್ಲೇ" ಅಂದರು. ನನಗೆ ನಗು ಬಂದರೂ ಒಳಗೆ ಚುರುಕ್ ಅಂದಿತು. ಅಳಿಯ ಕುಡುಕ ಅಂತ ನಂಬಿಯೂ ಆ ತಾಯಿ ಒಂದು ದಿನ ಮುಖ ಸಿಂಡರಿಸಿರಲಿಲ್ಲ, ಪಾನಕ ಮಾಡಿಕೊಟ್ಟಿದ್ದರು.

ಆದರೆ ಹರಕೆಯ ವಿಷಯದಲ್ಲಿ ಜಗ್ಗಲಿಲ್ಲ. "ನಾನು ದೇವರ ಹತ್ರ ಗುಂಡು ಅಂದಿದ್ದೆ. ಯಾವ ಗುಂಡು ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೀವು ಬಿಟ್ಟೆ ಅಂದ್ರಿ, ಮುಗೀತು."

"ಬಿಟ್ಟಿಲ್ಲ ಅತ್ತೆ! ಬೇಜಾರಿಗೆ ಏನೋ ಅಂದಿದ್ದು!" ಅಂದೆ. ಹಾಗಂದ ಮೇಲೆ ಬಿಡುವ ಹಾಗೂ ಇಲ್ಲ. ಬಿಟ್ಟರೆ ಕೂದಲು ಹೋಗುತ್ತದೆ. ಆಸೆಗೆ ಶುರುವಾದ ಚಟವನ್ನು ತಲೆ ಉಳಿಸಿಕೊಳ್ಳಲಿಕ್ಕಾಗಿ ಮುಂದುವರಿಸಿದ ಮನುಷ್ಯ ಈ ಅಮೆರಿಕದಲ್ಲಿ ನಾನೊಬ್ಬನೇ ಇರಬೇಕು. ಬಿಗಿ ಸುರುಳಿಯ ಹೊಸ ಬ್ಯಾರೆಲ್ ಹಾಕಿಸಿದೆ. ಅತ್ತೆ ಮೈಸೂರಿಗೆ ವಾಪಸ್ಸಾದರೂ ಪ್ರತಿ ಶನಿವಾರ ಫೋನು ಮಾಡಿ, ಬಿಟ್ರಾ ಅಂತ ವಿಚಾರಿಸುವುದು ತಪ್ಪಲಿಲ್ಲ. ನಾನೂ ಎದೆಯುಬ್ಬಿಸಿ, ಇಲ್ಲ ಅನ್ನುತ್ತಿದ್ದೆ.

ಕಳೆದ ಶನಿವಾರ ಸಾವಿರ ಗಜದ ತಟ್ಟೆ 'ಠಣ್' ಅಂದಿತು! ಮನೆಗೆ ಬಂದವನು ಕುಣಿಯುತ್ತ ಮಗಳಿಗೆ ವಿಷಯ ಹೇಳಿ ಸ್ನಾನಕ್ಕೆ ಹೋದೆ. ಅಷ್ಟರಲ್ಲಿ ಅತ್ತೆಯ ಫೋನು. "ಅಪ್ಪ ಗುಂಡು ಬಿಟ್ರಾ ಪುಟ್ಟಿ?"

"ಬಿಟ್ರು ಅಜ್ಜಿ! ಎಲ್ಲಾ ಗುಂಡೂ ಬಿಟ್ರು! ಒಂದೂ ಉಳಿಸಿಲ್ಲ. ಡೇಲ್ ಅಂಕಲ್ ಕ್ಲ್ಯಾಪ್ ಮಾಡಿದ್ರು!"

ತಲೆ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ನಮ್ಮ ಡಿಸೆಂಬರ್ ರಜಕ್ಕೆ ಸರಿಹೊಂದುವ ಸೋಮವಾರವೊಂದು ನಂಜನಗೂಡಿನಲ್ಲಿ ನನ್ನ ಮುಡಿಗೆ ನಿಗದಿಯಾಗಿತ್ತು. ವಿವರಿಸಲು ಹೋದೆ. "ಮಗು ಸುಳ್ಳು ಹೇಳುತ್ತಾ?" ಅಂದರು ಅತ್ತೆ, ಆನಂದಬಾಷ್ಪದ ನಡುವೆ.

ಮಗಳನ್ನು ಕರೆದು ಕೂರಿಸಿಕೊಂಡೆ. "ಶೂಟ್ ಮಾಡೋದಕ್ಕೆ 'ಬಿಡೋದು' ಅಂತ ಯಾರು ಪುಟ್ಟಿ ಹೇಳಿಕೊಟ್ಟಿದ್ದು?"

"ಯೂ ಡಿಡ್, ಅಪ್ಪ. ರಾಮ ಬಾಣ ಬಿಟ್ಟ, ರಿಮೆಂಬರ್?"

ಕನ್ನಡದಲ್ಲಿ ಹೇಳು ಅನ್ನಲು ಅಭ್ಯಾಸಬಲದಿಂದ ಬಾಯಿ ತೆರೆದವನು, ಎಡಗಿವಿಯ ಮೇಲಿನ ಒದ್ದೆ ಕೂದಲನ್ನೊಮ್ಮೆ ಸವರಿಕೊಂಡು, "ಪರವಾಗಿಲ್ಲಮ್ಮ, ಇನ್ನು ಮೇಲೆ ಅಜ್ಜಿ ಹತ್ರ ಇಂಗ್ಲಿಷಲ್ಲೇ ಮಾತಾಡು" ಅಂದೆ.