ಚನ್ನಕೇಶವನ ಗಾಡಿಯ ಗುಳುಗುಳು

ಸಾದಲಿಯ ತಿರುವಿನಲ್ಲಿ ಆ ಕೋಳಿ ಅಡ್ಡ ಬರದೇ ಇದ್ದಿದ್ದರೆ ಚನ್ನಕೇಶವ ಬ್ರೇಕ್ ಒತ್ತುತ್ತಲೇ ಇರಲಿಲ್ಲ. ಒತ್ತಿದ. ಕೋಳಿ ಬದುಕಿತು, ಗಾಡಿ ನಿಂತಿತು. ಆದರೆ ಗಾಡಿಯೊಳಗಿದ್ದ ಇನ್ನೇನೋ ನಿಲ್ಲಲಿಲ್ಲ. ಬಾಗಿಲ ಹೊಟ್ಟೆಯಿಂದ ‘ಗುಳುಗುಳು’ ಎಂದು ಸದ್ದು ಬಂತು, ಬೀಗರೂಟ ಮುಗಿಸಿ ಮಲಗಿದವನು ಮಗ್ಗುಲು ಬದಲಿಸಿದ ಹಾಗೆ.

ಅದು ಪಿಕಪ್ ಗಾಡಿ. ಹೆಸರಲ್ಲಿದ್ದ ಪಿಕಪ್ ಇಂಜಿನ್ನಿನಲ್ಲಿರಲಿಲ್ಲ, ಅದಕ್ಕೆ ಚನ್ನಕೇಶವ ಒಗ್ಗಿಹೋಗಿದ್ದ. ಆದರೆ ಈ ಸದ್ದು ಹೊಸದು. ಇಳಿದು ನೋಡಿದ. ಬಾಗಿಲ ತಳದಿಂದ ಗೇಣು ಮೇಲೆ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಬೆರಳಿಂದ ಮೆಲ್ಲಗೆ ಒತ್ತಿದ. ಬೆರಳು ಒಳಗೇ ಹೋಯಿತು. ಹೊರಗೆ ಬಂದಾಗ ಅದಕ್ಕೆ ಮೆಹೆಂದಿ ಹಚ್ಚಿದಂತೆ ತುಕ್ಕು ಮೆತ್ತಿಕೊಂಡಿತ್ತು.

ಬೇರೆ ದಿನವಾಗಿದ್ದರೆ ಬೆರಳೊರೆಸಿಕೊಂಡು ಹೋಗಿಬಿಡುತ್ತಿದ್ದ. ಆದರೆ ಅವತ್ತು ಸಂಜೆ ರೇಷ್ಮೆ ಬೆಳೆಗಾರರ ಸಂಘದ ಅಧ್ಯಕ್ಷರು, ರಿಟೈರ್ಡ್ ಮೇಷ್ಟ್ರು ನರಸಿಂಹಮೂರ್ತಿ, ಗಾಡಿ ನೋಡಲು ಬರುವವರಿದ್ದರು. ಇಡೀ ಊರಿನ ರೇಷ್ಮೆಗೂಡನ್ನು ವರ್ಷವಿಡೀ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರುವ ಗಾಡಿ ಯಾರದು ಎಂದು ತೀರ್ಮಾನ ಮಾಡುವವರು ಅವರೇ. ಗೂಡಿಗೆ ತೇವ ತಾಗಿತೋ, ಕೊಳ್ಳುವವರು ಮೂಗು ಮುರಿಯುತ್ತಾರೆ. ಗುಳುಗುಳು ಎನ್ನುವ ಗಾಡಿಗೆ ಯಾರು ಗೂಡು ತುಂಬುತ್ತಾರೆ? ಪೈಪೋಟಿಗೆ ನಿಂತಿದ್ದವನೋ ಕೆಂಚಾರ್ಲಹಳ್ಳಿಯ ಮುರಳಿಮೋಹನ್. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆಯದ ಹೊಸ ಗಾಡಿ. ಸಾಲದ್ದಕ್ಕೆ ಚನ್ನಕೇಶವನ ಹೆಂಡತಿ ತನುಜಳ ಖಾಸಾ ತಮ್ಮ. ಸೋತರೆ ಬಾಡಿಗೆಯೊಂದೇ ಅಲ್ಲ, ಊಟದ ಹೊತ್ತಿನ ನೆಮ್ಮದಿಯೂ ಹೋದಂತೆ.

“ಏನ್ರೀ, ಬಾಗ್ಲಲ್ಲಿ ಮೀನು ಸಾಕಿದ್ದೀರಾ?” ಗಾಡಿ ಮನೆ ಮುಂದೆ ನಿಲ್ಲುತ್ತಲೇ ತನುಜ ಕೇಳಿದಳು.

“ಸುಮ್ನಿರೇ. ಒಳಗೆಲ್ಲೋ ನೀರು ಸೇರ್ಕೊಂಡೈತೆ.”

“ನಮ್ಮ ಮುರಳಿ ಗಾಡೀಲಿ ಎಫ್ಎಮ್ ಕೇಳುತ್ತೆ. ನಿಮ್ದರಲ್ಲಿ ಕೆರೆ ಕೋಡಿ ಕೇಳುತ್ತೆ.”

ಪಕ್ಕದ ಮನೆಯ ಪೆದ್ದಮ್ಮ ಆಗಲೇ ಗೋಡೆಯಾಚೆಯಿಂದ ಕತ್ತು ಚಾಚಿದ್ದಳು. “ಏಂಟ್ರಾ ನಾಯನಾ, ಏನದು, ನೀರಾ? ಹುಳ ಪೊರೆ ಬಿಡಕ್ಕೆ ಜ್ವರಕ್ಕೆ ಕೂತಾಗ ಹಾಸಿಗೆ ತೇವ ಆದ್ರೆ ಏನ್ ಮಾಡ್ತೀವಿ? ಸುಣ್ಣದ ಪುಡಿ ಚೆಲ್ಲಲ್ವಾ? ಗಾಡೀಗೂ ಅದೇ ಕಣಪ್ಪ. ತೇವ ಅಂದ್ರೆ ತೇವ!”

ಮೂವತ್ತು ವರ್ಷ ಹುಳ ಸಾಕಿದ ಕೈ ಎದುರು ಮಾತಾಡುವುದುಂಟೇ? ಚನ್ನಕೇಶವ ಗಾಜಿನ ಸಂದಿಯಿಂದ ಬಾಗಿಲೊಳಕ್ಕೆ ಸುಣ್ಣ ಸುರಿದ. ಹಿಂಬದಿಯ ಜೋಡಿ ತಗಡಿನ ಗೋಡೆಗಳಿಗೂ ಸುರಿದ. ಬಾಗಿಲು ಅಲುಗಿಸಿ ಕಿವಿಗೊಟ್ಟ. ಗುಳುಗುಳು ಹೋಗಿತ್ತು. ಈಗ ‘ಗೊಳಕ್ ಗೊಳಕ್’ ಎನ್ನುತ್ತಿತ್ತು. ಗಾಡಿ ಮಜ್ಜಿಗೆಯಿಂದ ಮೊಸರಿಗೆ ಬಡ್ತಿ ಪಡೆದಿತ್ತು.

ಅಷ್ಟರಲ್ಲಿ ಎದುರುಮನೆ ಆವಲಪ್ಪ ಬಂದ. ಊರಿನಲ್ಲಿ ಯಾರ ಬಾನೆಟ್ ಎದ್ದರೂ ಮೊದಲು ಬಗ್ಗುವ ತಲೆ ಅವನದೇ.

“ಸುಣ್ಣ ಯಾರಾದ್ರೂ ಹಾಕ್ತಾರೇನೋ? ಶಾಖ ಕೊಡ್ಬೇಕು. ಚಳಿಗಾಲದಾಗೆ ಹುಳದ ಮನೇಲಿ ಇಡಲ್ವಾ, ಕೆಂಡದ ಬಾಂಡ್ಲಿ? ತಗೊಂಡ್ ಬಾ.”

“ಡೀಸೆಲ್ ಟ್ಯಾಂಕ್ ಐತಲ್ಲಣ್ಣ?”

“ಅದು ಆ ಕಡೆ ಐತೆ. ನಾವು ಈ ಕಡೆ ಇಡಣ. ಅದಕ್ಕೆ ಹೇಳೋದ್ಯಾರು?”

ಬಾಗಿಲ ಕೆಳಗೆ ಕೆಂಡ ಬಂತು. ಆವಲಪ್ಪ ಪಂಚೆ ಎತ್ತಿಕಟ್ಟಿ, ಕುಕ್ಕರುಗಾಲಲ್ಲಿ ಕೂತು ಬೀಸಣಿಗೆ ಬೀಸಿದ. ಮೊದಲು ಬಣ್ಣ ಬೊಬ್ಬೆಯೆದ್ದಿತು. ಆಮೇಲೆ ಬಣ್ಣದ ಯಜಮಾನ ಬೊಬ್ಬೆಯಿಟ್ಟ. “ಸಾಕಣ್ಣ! ಒಣಗ್ಸು ಅಂದ್ರೆ ಹುರೀತಿದ್ದೀಯಲ್ಲ!”

ಆಗಲೇ ಬಾಗಿಲ ತಳದಿಂದ ‘ಟಪ್’ ಎಂದು ಏನೋ ಬಿತ್ತು. ಅದರ ಹಿಂದೆಯೇ ಬೆಳ್ಳಗಿನ ನೀರು ಸರ್ರನೆ ಚಿಮ್ಮಿ, ಕೆಂಡ ಆರಿಸಿ, ಆವಲಪ್ಪನನ್ನು ಕಾಲಿಂದ ಸೊಂಟದವರೆಗೆ ಸುಣ್ಣ ಬಳಿದ ಗೋಡೆ ಮಾಡಿತು. ಬೈಯುತ್ತಾ ಅವನು ಮನೆಗೆ ಓಡಿದ.

ಚನ್ನಕೇಶವ ಬಿದ್ದದ್ದನ್ನು ಎತ್ತಿಕೊಂಡ. ಕರೀ ಅಂಟಿನ ಉಂಡೆ. ಅದರ ಮೇಲೆ ಅಚ್ಚೊತ್ತಿದಂತೆ ಒಂದು ಹೆಬ್ಬೆರಳ ಗುರುತು. ತನ್ನ ಹೆಬ್ಬೆರಳಿಟ್ಟು ನೋಡಿದ. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಎಲ್ಲ ನೆನಪಾಯಿತು. ಎರಡು ವರ್ಷದ ಹಿಂದೆ ಊಜಿ ನೊಣದ ಕಾಟ ಬಂದಿತ್ತು. ಆ ನೊಣ ಹುಳದ ಮೇಲೆ ಒಂದು ಮೊಟ್ಟೆ ಇಟ್ಟರೆ ಹುಳದ ಕತೆ ಮುಗಿಯಿತು. ಹಾಗಾಗಿ ಈ ಸೀಮೆಯವರಿಗೆ ತೂತು ಕಂಡರೆ ಮುಚ್ಚುವುದು ಕಣ್ಣು ಮಿಟುಕಿಸಿದಷ್ಟೇ ಸಹಜ. ಹುಳದ ಮನೆಯ ಕಿಟಕಿ, ಕದ, ಹೆಂಚಿನ ಸಂದಿ ಎಲ್ಲ ಮುಚ್ಚಿದ ಮೇಲೂ ಅಂಟು ಮಿಕ್ಕಿತ್ತು. ಗಾಡಿಯ ತಳದಲ್ಲಿ ಸಾಲಾಗಿ ತೂತು ಕಂಡವು. ‘ಕಂಪನಿಯೋರು ಬೇಜವಾಬ್ದಾರಿ ನನ್ಮಕ್ಕಳು’ ಎಂದು ಬೈದು ಅವನ್ನೂ ಮುಚ್ಚಿದ್ದ. ಒಳಗೆ ಇಳಿದ ಮಳೆನೀರು ಹೊರಹೋಗಲೆಂದೇ ಬಿಟ್ಟ ತೂತುಗಳು! ಅಂದಿನಿಂದ ಬಿದ್ದ ಮಳೆ, ಹಿಪ್ಪುನೇರಳೆ ಸೊಪ್ಪಿಗೆ ಹೊದಿಸಿದ ಒದ್ದೆ ಗೋಣಿಯಿಂದ ತೊಟ್ಟಿಕ್ಕಿದ್ದು ಎಲ್ಲ ಗಾಡಿಯೊಳಗೇ ಕಾಯಂ ವಾಸಿಯಾಗಿ ತಗಡು ತಿನ್ನುತ್ತಾ ಕೂತಿತ್ತು.

“ತನುಜಾ, ಸ್ಕ್ರೂಡ್ರೈವರ್ ತಾರೇ!”

ಮಧ್ಯಾಹ್ನವೆಲ್ಲ ಗಾಡಿಯಡಿ ಮಲಗಿ ಒಂದೊಂದೇ ಉಂಡೆ ಕಿತ್ತ. ಒಂದೊಂದಕ್ಕೂ ಮುಖಕ್ಕೆ ಒಂದೊಂದು ಅಭಿಷೇಕವಾಯಿತು. ಕಂಪನಿಯ ಬುದ್ಧಿಯ ಮೇಲೆ ಈಗ ಎಷ್ಟು ಗೌರವ ಹುಟ್ಟಿತ್ತೆಂದರೆ ಡ್ರಿಲ್ಲಿಂಗ್ ಮೆಷಿನ್ ತಂದು ತನ್ನ ಕಡೆಯಿಂದಲೂ ಧಾರಾಳವಾಗಿ ತೂತು ಸೇರಿಸಿದ. ನೀರು ಬಿಟ್ಟು ತೊಳೆದ, ಬಿಸಿಲಿಗೆ ಒಡ್ಡಿದ, ತುಕ್ಕು ಉಜ್ಜಿ ಕೆಂಪು ಬಣ್ಣ ಬಳಿದ. ಅಲುಗಿಸಿ ನೋಡಿದ. ಗುಳುಗುಳೂ ಇಲ್ಲ, ಗೊಳಕ್ಕೂ ಇಲ್ಲ.

ಸಂಜೆ ನರಸಿಂಹಮೂರ್ತಿ ಮೇಷ್ಟ್ರು ಬಂದರು. ಬಾಗಿಲು ಬಡಿದರು. ಹಿಂಬದಿಯ ತಗಡಿನ ಮೇಲೆ ಅಂಗೈ ಇಟ್ಟು ನೋಡಿದರು.

“ಒಣಗಿದ ಹಪ್ಪಳ ಇದ್ದಂಗೈತೆ ಸಾರ್,” ಚನ್ನಕೇಶವ ಹಲ್ಲು ಬಿಟ್ಟ.

“ಭೇಷ್. ಈ ಸಲ ನಿನಗೇ ಅಂತ ನಿನ್ನೇನೇ ಅಂದ್ಕೊಂಡಿದ್ದೆ ಕಣಯ್ಯ. ನೀನು ಮಲಗಿದ್ದಾಗ ಬಂದು ಗಾಡಿ ಕೆಳಗೆ ಟಾರ್ಚ್ ಬಿಟ್ಟು ನೋಡ್ಕೊಂಡು ಹೋಗಿದ್ದೆ.”

ಚನ್ನಕೇಶವನ ಎದೆ ಹಿಗ್ಗಿತು. “ಕೆಳಗೇನಿತ್ತು ಸಾರ್?”

“ಏನೂ ಇರಲಿಲ್ಲ, ಅದೇ ವಿಶೇಷ! ಊರಲ್ಲಿ ಒಂದೂ ತೂತಿಲ್ಲದ ಗಾಡಿ ನಿಂದೊಂದೇ. ಮಾರ್ಕೆಟ್ಟಿಂದ ವಾಪಸ್ ಬರೋ ಗಾಡಿ ತೂತಲ್ಲೇ ಕೂತು ಊಜಿ ನೊಣ ಊರಿಗೆ ಬರೋದು. ಅದಕ್ಕೇ ಸಂಘದಲ್ಲಿ ಹೊಸ ನಿಯಮ ಮಾಡಿದ್ದೀವಿ, ತೂತಿರೋ ಗಾಡಿಗೆ ಗೂಡು ಹಾಕಂಗಿಲ್ಲ. ನಿನ್ನ ಬಾಮೈದನ ಹೊಸ ಗಾಡಿ ಜರಡಿ ಇದ್ದಂಗಿತ್ತು. ವಾಪಸ್ ಕಳ್ಸಿದೆ.”

ಹೇಳುತ್ತಲೇ ಮೇಷ್ಟ್ರು ಬಗ್ಗಿ ಟಾರ್ಚ್ ಬಿಟ್ಟರು. ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಹಳೇ ಕ್ಲಾಸಿನಲ್ಲಿ ಕಾಪಿ ಹೊಡೆಯುವವನನ್ನು ಹಿಡಿದ ಮುಖವಿತ್ತು.

“ಇದೇನಯ್ಯ ಇದು? ಒಂದೇ ದಿನಕ್ಕೆ ಇಡ್ಲಿ ತಟ್ಟೆ ಮಾಡಿದ್ದೀಯಾ?”

“ಸಾರ್, ಅವು ನೀರು ಹೋಗಕ್ಕೆ...”

“ನೀರು ಹೋಗೋ ಕಡೆ ನೊಣ ಬರಲ್ವೇನೋ?”

ಬೀದಿಯಲ್ಲಿ ಹಾರ್ನ್ ಕೇಳಿತು. ಮುರಳಿಮೋಹನ್ ಹೊಸ ಗಾಡಿಯಿಂದ ಜಿಗಿದ. ಕೈಯೆಲ್ಲ ಕರೀ ಅಂಟು. “ಸಾರ್, ಬಾವನ ಗಾಡಿ ನೋಡಿ ಕಲ್ತ್ಕೋ ಅಂದ್ರಲ್ಲ? ಅವರಂಗೇ ಎಲ್ಲ ಬಂದ್ ಮಾಡ್ಬಿಟ್ಟೆ. ಸೊಳ್ಳೆ ಸೈತ ತೂರಲ್ಲ!”

ಮೇಷ್ಟ್ರು ಟಾರ್ಚ್ ಬಿಟ್ಟು ನೋಡಿದರು, ತಲೆದೂಗಿದರು. ವರ್ಷದ ಬಾಡಿಗೆ ಅಲ್ಲೇ ಮುರಳಿಯ ಪಾಲಾಯಿತು.

“ಮುರಳೀ, ಬ್ಯಾಡ ಕಣೋ,” ಚನ್ನಕೇಶವ ಮನಸ್ಸು ತಡೆಯದೆ ಬಾಮೈದನ ತೋಳು ಹಿಡಿದ. “ಎರಡು ಮಳೆ ಬಂದ್ರೆ ಬಾಗಿಲೆಲ್ಲ ಕೊಳ್ತೋಗುತ್ತೆ. ಕಿತ್ತಾಕು.”

“ನೋಡಕ್ಕಾ,” ಮುರಳಿ ತನುಜಳ ಕಡೆ ತಿರುಗಿ ನಕ್ಕ. “ಬಾವಂಗೆ ಹೊಟ್ಟೆಕಿಚ್ಚು.”

“ಹೋಗ್ಲಿ ಬಿಡೋ,” ಎಂದಳು ತನುಜ. ಗಂಡನ ಕಡೆ ನೋಡಿದಳು. “ಬೆಳಿಗ್ಗೆ ನಮ್ಮ ಮನೆ ಗೂಡೂ ಇವನ ಗಾಡೀಗೇ ತುಂಬ್ಬೇಕಲ್ವಾ? ಚೀಲ ಹೊರೋಕೆ ಬೇಗ ಏಳಿ.”